ನಾನು ಸೈಕಲ್‌ನಿಂದ ಇಳಿದ ಬಗೆ

ಮಗಳು ಪಲ್ಲವಿಯನ್ನು ಶಾಲೆಗೆ ಕರೆದೊಯ್ಯುತ್ತಿದ್ದ ಆಟೊದವರು ನಮ್ಮ ದೇವರಾಜ ಅರಸು ಬಡಾವಣೆಯ ಕಡೆ ಬರುವುದನ್ನು ನಿಲ್ಲಿಸಿದರು. ಆರನೇ ಕ್ಲಾಸಿನ ಅವಳು ಸೈಕಲ್‌ನಲ್ಲೇ ಹೋಗುತ್ತೇನೆಂದು ಹಟ ಹಿಡಿದಳು. ನಮ್ಮ ಯಜಮಾನರು ಸುತಾರಾಂ ಒಪ್ಪಲಿಲ್ಲ.

“ಆ ಟ್ರಾಫಿಕ್‌ನಾಗೆ ಒಬ್ಬಳನ್ನೇ ಬಿಡಾದು ಬ್ಯಾಡ.”

“ಒಬ್ಬಳೇ ಯಾಕ? ನಾನೂ ಸೈಕಲ್‌ನಾಗೆ ಹೋಗ್ತೀನಿ. ಅವಳನ್ನ ಶಾಲೆಗೆ ಬಿಟ್ಟು ಹಂಗೇ ಹರಿಹರದ ಬಸ್ ಹಿಡೀತೀನಿ,” ಎಂದೆ. ಹರಿಹರದ ಔಷಧಿ ಅಂಗಡಿಯೊಂದರಲ್ಲಿ ನನಗೆ ಕೆಲಸ.

“ನಿಂಗೆ ಸೈಕಲ್ ಬರ್ತೈತಾ?”

“ಬರ್ದೆ ಏನು?”

ಬರುತ್ತಿತ್ತು. ತವರೂರು ಉಕ್ಕಡಗಾತ್ರಿಯಲ್ಲಿ ಅಣ್ಣನ ಸೈಕಲ್ ಹೊಡೆದವಳು ನಾನು. ಅಲ್ಲಿ ಇಳಿಯುವ ವಿಧಾನವೂ ಸುಲಭವಾಗಿತ್ತು: ನೇರವಾಗಿ ಹೋಗಿ ಹುಲ್ಲಿನ ಬಣವೆಗೆ ಗುದ್ದುವುದು. ದಾವಣಗೆರೆಯಲ್ಲಿ ಬಣವೆಗಳ ಕೊರತೆಯಿದೆ ಎಂಬುದು ಆಗ ಹೊಳೆಯಲಿಲ್ಲ.

“ಇವತ್ತು ಸರಿಹೋಗ್ಲಿಲ್ಲ ಅಂದ್ರೆ ಅವಳ ಸೈಕಲ್ಲೂ ಬಂದ್,” ಎಂದರು ಯಜಮಾನರು. ಪಲ್ಲವಿ ನನ್ನ ಮುಖ ನೋಡಿದಳು.

ಯಜಮಾನರ ಸೈಕಲ್ ಎತ್ತರದ್ದು. ಸೀಟು ತುಕ್ಕು ಹಿಡಿದು ಕೂತಿತ್ತು, ಇಳಿಸಲು ಬರುತ್ತಿರಲಿಲ್ಲ. ನನ್ನ ಕಾಲು ನೆಲ ಮುಟ್ಟುತ್ತಿರಲಿಲ್ಲ. ಮನೆಯ ಕಟ್ಟೆ ಮೇಲಿಂದ ಹತ್ತಿ ಹೊರಟೆ. ಹೊರಟ ಮೇಲೆ ನಾನೇ ರಾಣಿ.

ಸಿಗ್ನಲ್‌ನಲ್ಲಿ ಕೆಂಪು ದೀಪ ಹತ್ತಿತು. ಬ್ರೇಕ್ ಹಿಡಿದೆ. ಸೈಕಲ್ ನಿಂತಿತು, ನಾನು ವಾಲತೊಡಗಿದೆ. ಪಕ್ಕದ ಸ್ಕೂಟರ್ ಮೇಲಿದ್ದ ಹಿರಿಯರೊಬ್ಬರ ಭುಜವನ್ನು ಗಟ್ಟಿಯಾಗಿ ಹಿಡಿದುಕೊಂಡೆ.

“ಯಾರವ್ವ ನೀನು?”

“ಹಸಿರು ಬರಾವರೆಗೆ ಅಷ್ಟೇರಿ.”

ಪುಣ್ಯಾತ್ಮರು ಅಲುಗಾಡಲಿಲ್ಲ. ಹಸಿರು ಬಂದಾಗ ಮೆಲ್ಲಗೆ ಮುಂದಕ್ಕೆ ತಳ್ಳಿಯೂ ಕೊಟ್ಟರು.

ಎಸ್.ಎಸ್. ಬಡಾವಣೆಯಲ್ಲಿರುವ ಶಾಲೆಯ ಮುಂದಿನ ಫುಟ್‌ಪಾತನ್ನೇ ನಾನು ಕಾಲೂರಲು ನಂಬಿದ್ದೆ. ಅದರುದ್ದಕ್ಕೂ ವ್ಯಾನುಗಳು ನಿಂತಿದ್ದವು. ಪಲ್ಲವಿ ತನ್ನ ಸೈಕಲ್ಲನ್ನು ನಿಲ್ಲಿಸಿ ಠೀವಿಯಿಂದ ಇಳಿದಳು. ನಾನು ಮುಂದೆ ಹೋದೆ. ಶಾಲೆಗೆ ಒಂದು ಸುತ್ತು ಹಾಕಿ ಬಂದೆ. ವ್ಯಾನುಗಳು ಹಾಗೇ ಇದ್ದವು. ಇನ್ನೊಂದು ಸುತ್ತು.

“ಅಮ್ಮ, ಇಳಿಯಮ್ಮ!”

“ಕಾಲೂರಾಕೆ ಜಾಗ ಇಲ್ಲ ಕಣೇ.”

“ಹಂಗಾದ್ರೆ ಒಳಗೆ ಬಾ. ಸ್ಟೇಜ್ ಐತೆ.”

ಗೇಟಿನೊಳಗೆ ತಿರುಗಿಸಿದೆ. ಮೈದಾನದಲ್ಲಿ ಮಕ್ಕಳು ಪ್ರಾರ್ಥನೆಗೆ ಸಾಲಾಗಿ ನಿಂತಿದ್ದರು. ಪಿ.ಟಿ. ಮೇಷ್ಟ್ರು ರಫೀಕ್ ಸರ್ ನನ್ನನ್ನು ಕಂಡವರೇ ಜೋರಾಗಿ ಸೀಟಿ ಊದಿದರು. ಇಡೀ ಶಾಲೆ ನೆಟ್ಟಗೆ ನಿಂತಿತು, ನನ್ನೊಬ್ಬಳನ್ನು ಬಿಟ್ಟು. ಸಾಲುಗಳ ನಡುವೆ ಬೆಲ್ ಹೊಡೆಯುತ್ತಾ ಸಾಗಿ, ಮುಖ್ಯೋಪಾಧ್ಯಾಯಿನಿ ನಿಂತಿದ್ದ ವೇದಿಕೆಯ ಅಂಚಿಗೆ ಎಡಗಾಲು ಊರಿದೆ. ಸೈಕಲ್ ನಿಂತಿತು. ನಾನೂ ಬೀಳಲಿಲ್ಲ!

ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಮುಖ್ಯೋಪಾಧ್ಯಾಯಿನಿ ಗಂಭೀರವಾಗಿ ಮೈಕನ್ನು ನನ್ನತ್ತ ತಿರುಗಿಸಿದರು.

“ಏನಾದ್ರೂ ಹೇಳಾದು ಐತೇನ್ರಿ?”

ಸಿಕ್ಕ ಮೈಕನ್ನು ಬಿಡುವುದುಂಟೇ? ಮಕ್ಕಳು ಸೈಕಲ್‌ನಲ್ಲಿ ಬಂದರೆ ಮೈಯೂ ಗಟ್ಟಿ, ಧೈರ್ಯವೂ ಗಟ್ಟಿ ಎಂದು ಸಾರಿದೆ. ಮತ್ತೆ ಚಪ್ಪಾಳೆ. ಅದೇ ವೇದಿಕೆಯಿಂದ ಸೈಕಲ್ ಏರಿ, ಯುದ್ಧ ಗೆದ್ದವಳಂತೆ ಹೊರಬಿದ್ದೆ. ಬಸ್‌ಸ್ಟಾಪಿನಲ್ಲಿ ಒಂದು ಕಲ್ಲುಬೆಂಚು ಮಾನ ಕಾಪಾಡಿತು.

ಸಂಜೆ ನಾನು ಮನೆಗೆ ಬರುವ ಮೊದಲೇ ಸುದ್ದಿ ಬಂದಿತ್ತು. ಯಜಮಾನರು ಮಗಳನ್ನು ಕೂರಿಸಿಕೊಂಡು ವಿಚಾರಣೆ ನಡೆಸುತ್ತಿದ್ದರು.

“ನಿಜ ಹೇಳು, ಹೆಂಗಾತು?”

“ನಾನು ಚೆನ್ನಾಗಿ ಹೋದೆ ಅಪ್ಪ. ಅಮ್ಮಂಗೆ ಇನ್ನೂ ರೂಢಿ ಆಗ್ಬೇಕು. ಮೊದ್ಲು ಅವಳನ್ನ ಬಸ್‌ಸ್ಟಾಪಿಗೆ ಬಿಟ್ಟು, ಆಮೇಲೆ ನಾನು ಶಾಲೆಗೆ ಹೋಗ್ತೀನಿ.”

ಮಗಳ ಸೈಕಲ್ಲಿಗೆ ಅಪ್ಪಣೆ ಸಿಕ್ಕಿತು. ಯಜಮಾನರು ಎಣ್ಣೆ ಬಿಟ್ಟು ನನ್ನ ಸೀಟನ್ನೂ ಇಳಿಸಿಕೊಟ್ಟರು.

ಈಗ ದಿನಾ ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಹೊರಡುತ್ತೇವೆ, ಅವಳು ಮುಂದೆ. ನಾನು ಬಸ್ ಹತ್ತಿ ಕೂರುವ ತನಕ ಕಾಯುತ್ತಾಳೆ. ನಿನ್ನೆ ಕಿಟಕಿಯ ಹೊರಗಿನಿಂದ ಕಂಡಕ್ಟರನ್ನು ಕರೆದು, “ಅಂಕಲ್, ಇವರನ್ನ ನೆನಪಿಟ್ಟು ಹರಿಹರದಾಗೆ ಇಳಿಸ್ರಿ,” ಎಂದಳು.

ಕಂಡಕ್ಟರ್ ಆಗಲೆಂದು ತಲೆಯಾಡಿಸಿ, ನನ್ನನ್ನು ಎಬ್ಬಿಸಿ ತಮ್ಮ ಕಣ್ಣೆದುರಿನ ಸೀಟಿನಲ್ಲಿ ಕೂರಿಸಿಕೊಂಡರು.