ನಾಲ್ಕನೇ ಪಾರ್ಕಿನ ನವಿಲು

ಗಂಗಾಮಣಿಯ ಹೊಟ್ಟೆಗೆ ಕಿಚ್ಚು ಹತ್ತಿದ್ದು ಒಂದು ನವಿಲಿನಿಂದ. ಆ ನವಿಲನ್ನು ಅವಳು ನೋಡಿರಲಿಲ್ಲ. ಪಕ್ಕದ ಮನೆಯ ರಾಜಲಕ್ಷ್ಮಮ್ಮ ನೋಡಿದ್ದಳು. ಕಿಚ್ಚಿಗೆ ಅಷ್ಟೇ ಸಾಕಾಯಿತು.

ಮೊಬೈಲು ಫೋನು ಇನ್ನೂ ದೊಡ್ಡ ಎಸ್ಟೇಟಿನವರ ಸೊಂಟದಲ್ಲಷ್ಟೇ ನೇತಾಡುತ್ತಿದ್ದ ಕಾಲ ಅದು. ಸಕಲೇಶಪುರದ ಕೆಲವು ಉತ್ಸಾಹಿಗಳು ಸಮಿತಿ ಕಟ್ಟಿಕೊಂಡು, ಹೇಮಾವತಿಯ ದಂಡೆಯಿಂದ ಊರಾಚೆಯ ಗುಡ್ಡದ ನೆತ್ತಿಯವರೆಗೆ ಐದು ಪಾರ್ಕು ಮಾಡಿಸಿ, ಒಂದರಿಂದ ಒಂದಕ್ಕೆ ಕಾಲುದಾರಿ ಹಾಕಿಸಿ, ಎಲ್ಲಕ್ಕೂ ಸೇರಿಸಿ ‘ಹಸಿರು ಸರ’ ಎಂದು ಹೆಸರಿಟ್ಟಿದ್ದರು. ಜನರ ಬಾಯಿಗೆ ಆ ಹೆಸರು ಹತ್ತಲಿಲ್ಲ. ಶಾಲೆಯ ತರಗತಿಗಳಂತೆ ಒಂದನೇ ಪಾರ್ಕು, ಎರಡನೇ ಪಾರ್ಕು ಎಂದು ಕರೆದರು. ಶಾಲೆಯಲ್ಲಾಗುವಂತೆಯೇ ಬಹಳ ಜನ ಒಂದನೆಯದರಲ್ಲೇ ಉಳಿದರು. ಐದನೆಯದನ್ನು ಮುಟ್ಟಿ ಬಂದವರಿಗೆ ಬೀದಿಯಲ್ಲಿ ಒಂದು ತೂಕ ಬಂತು.

ರಾಜಲಕ್ಷ್ಮಮ್ಮ ಐದನ್ನೂ ದಿನಾ ಸುತ್ತುತ್ತಿದ್ದಳು. ಕಾಫಿ ವ್ಯಾಪಾರಿಯ ಹೆಂಡತಿ. ಕಾಲಿಗೆ ಬಿಳಿ ಶೂ, ಹೆಗಲಿಗೆ ಫ್ಲಾಸ್ಕು ಹಾಕಿಕೊಂಡು ಬೆಳಗ್ಗೆ ಹೊರಟರೆ ತಿಂಡಿ ಹೊತ್ತಿಗೆ ವಾಪಸು. ಮಧ್ಯಾಹ್ನ ಹುಲಿಯಮ್ಮನ ಜಗಲಿಯಲ್ಲಿ ಬೀದಿಯ ಹೆಂಗಸರೆಲ್ಲ ಕೂತಾಗ ಅವಳದ್ದೇ ಮಾತು. ನಾಲ್ಕನೇ ಪಾರ್ಕಿನಲ್ಲಿ ಒಂದು ನವಿಲು ಇದೆಯಂತೆ, ಅವಳು ಹೋಗುವವರೆಗೆ ಬಾಲ ಮಡಚಿಕೊಂಡು ಕಾಯುತ್ತದಂತೆ, ಅವಳನ್ನು ಕಂಡ ಕೂಡಲೇ ಗರಿ ಬಿಚ್ಚುತ್ತದಂತೆ. ಐದನೇ ಪಾರ್ಕಿನ ಮಂಟಪದ ನೆರಳಲ್ಲಿ ಕೂತು ಕಾಫಿ ಕುಡಿದರೆ ಆಲೂರಿನ ಕಡೆಯ ಬೆಟ್ಟಗಳು ಮೊಣಕಾಲಿನ ಹತ್ತಿರವೇ ಬಂದು ಕೂರುತ್ತವಂತೆ.

ಇದಕ್ಕೆ ಮುಂಚೆ ಆ ಜಗಲಿಯಲ್ಲಿ ಮಾತು ಗಂಗಾಮಣಿಯದಾಗಿತ್ತು. ತವರು ಬೆಳಗೋಡಿಗೆ ಹೋಗಿ ಬಸ್ಸಿನಲ್ಲಿ ವಾಪಸು ಬಂದಳೆಂದರೆ ಹದಿನೈದು ದಿನಕ್ಕಾಗುವಷ್ಟು ಕತೆ ತರುತ್ತಿದ್ದಳು. ಕಂಡಕ್ಟರನ ಜಗಳ, ಸೋದರತ್ತೆಯ ಹಲ್ಲುನೋವು, ಯಾರೋ ಬಸ್ಸಿಗೆ ಹತ್ತಿಸಿದ ಆಡು, ಯಾವುದೂ ಅವಳ ಬಾಯಲ್ಲಿ ದಂಡವಾಗುತ್ತಿರಲಿಲ್ಲ. ಹುಲಿಯಮ್ಮ ಕೋಡುಬಳೆ ತಟ್ಟೆಯನ್ನು ಮೊದಲು ಅವಳ ಮುಂದೆ ಹಿಡಿಯುತ್ತಿದ್ದಳು. ನವಿಲು ಬಂದ ಮೇಲೆ ತಟ್ಟೆ ರಾಜಲಕ್ಷ್ಮಮ್ಮನ ಕಡೆ ತಿರುಗಿತು. ಅಲ್ಲಿಂದ ಸುತ್ತಿ ಗಂಗಾಮಣಿಯ ಹತ್ತಿರ ಬರುವ ಹೊತ್ತಿಗೆ ಅದರಲ್ಲಿ ಪುಡಿ ಮಾತ್ರ ಉಳಿದಿರುತ್ತಿತ್ತು.

ಒಂದು ದಿನ ಹುಲಿಯಮ್ಮ, ಬೆಳಗೋಡಿನ ಕತೆ ಎತ್ತಿದ ಗಂಗಾಮಣಿಯನ್ನು ಅರ್ಧಕ್ಕೇ ತಡೆದು, “ಅದಿರ್ಲಿ ಕಣೇ, ನವಿಲು ಇವತ್ತೇನು ಮಾಡ್ತು ಕೇಳಾನ ತಡಿ” ಅಂದುಬಿಟ್ಟಳು. ಆ ರಾತ್ರಿ ಗಂಗಾಮಣಿಗೆ ಊಟ ಸೇರಲಿಲ್ಲ.

ಮಾರನೆಯ ಬೆಳಗ್ಗೆ ಗಂಡ ನಟರಾಜ್ ಕಾಫಿ ಡಿಪೋದ ತೂಕದ ಕೆಲಸಕ್ಕೆ ಹೋಗುವುದನ್ನೂ, ರಾಜಲಕ್ಷ್ಮಮ್ಮ ಸುತ್ತಾಟ ಮುಗಿಸಿ ಒಳಗೆ ಸೇರಿಕೊಳ್ಳುವುದನ್ನೂ ಅವಳು ಕಿಟಕಿಯಿಂದ ಕಾದು ನೋಡಿದಳು. ಆಮೇಲೆ ನಟರಾಜನ ಕ್ಯಾನ್ವಾಸ್ ಶೂ ಹುಡುಕಿ ತೆಗೆದಳು. ಪಾರ್ಕು ಶುರುವಾದಾಗ ಅವನು ವಾಕಿಂಗಿಗೆಂದು ಕೊಂಡದ್ದು. ಅಡಿಗೆ ಮಣ್ಣೇ ತಾಗಿರಲಿಲ್ಲ. ದೊಡ್ಡದಾಗಿದ್ದ ಶೂಗಳ ಮುಂದಕ್ಕೆ ಪೇಪರು ತುರುಕಿ, ತುರುಬಿಗೆ ಹಿತ್ತಲಿನ ಕೆಂಪು ಗುಲಾಬಿ ಮುಡಿದು ಹೊರಟಳು. ಆ ನವಿಲನ್ನು ತಾನೂ ನೋಡಿ, ಅದಕ್ಕಿಂತ ದೊಡ್ಡದೇನಾದರೂ ಕಂಡು ಬರಬೇಕೆಂಬುದು ಅವಳ ಯೋಚನೆ.

ಒಂದನೇ ಪಾರ್ಕಿನಲ್ಲಿ ಅವಳ ಕಾಲು ಇನ್ನೂ ಹುಲ್ಲಿಗೆ ತಾಗಿರಲಿಲ್ಲ, ರಿಟೈರಾದ ಪೋಸ್ಟ್‌ಮಾಸ್ಟರ್ ಬೋರಯ್ಯ ಎದುರಿಗೆ ಬಂದು ನಿಂತರು. ಅವರದೊಂದು ನಗೆಕೂಟ. ವೃತ್ತಾಕಾರವಾಗಿ ನಿಂತು ಕಾರಣವಿಲ್ಲದೆ ನಗುವುದು ಅದರ ಕಸುಬು. ಆ ದಿನ ಒಬ್ಬರು ಕಡಿಮೆ ಬಿದ್ದು ವೃತ್ತದಲ್ಲಿ ತೂತಾಗಿತ್ತು. ಬೇಡ ಬೇಡ ಎಂದರೂ ಕೇಳದೆ ಗಂಗಾಮಣಿಯನ್ನು ಆ ತೂತಿನಲ್ಲಿ ನಿಲ್ಲಿಸಿದರು. ಹೊಟ್ಟೆಯಲ್ಲಿ ಉರಿ ಇಟ್ಟುಕೊಂಡು ಬಾಯಲ್ಲಿ ನಗುವುದೆಂದರೆ ಹಸಿ ಸೌದೆ ಊದಿದ ಹಾಗೆ, ಬರೀ ಹೊಗೆ ಮತ್ತು ಕೆಮ್ಮು. ಅವಳು ಕಣ್ಣಲ್ಲಿ ನೀರು ಬರುವವರೆಗೆ ಕೆಮ್ಮಿದಳು. ಅದನ್ನು ನಗುವೆಂದೇ ತಿಳಿದ ಬೋರಯ್ಯ, ಹೊಸಬರಲ್ಲಿ ಇಷ್ಟು ಮನಸಾರೆ ನಕ್ಕವರನ್ನು ತಾವು ಕಂಡೇ ಇಲ್ಲವೆಂದು ಎಲ್ಲರಿಗೂ ಹೇಳಿ ಚಪ್ಪಾಳೆ ತಟ್ಟಿಸಿದರು. ನಾಳೆಯೂ ಬರುತ್ತೇನೆಂದು ಮಾತು ಕೊಟ್ಟ ಮೇಲೆಯೇ ಬಿಟ್ಟದ್ದು.

ಎರಡನೇ ಪಾರ್ಕು ರೈಲ್ವೆ ಸ್ಟೇಷನ್ನಿನ ಹಿಂದೆ. ದನ ನುಗ್ಗಬಾರದೆಂದು ಬಾಗಿಲಿಗೆ ಕಬ್ಬಿಣದ ತಿರುಗುಗೇಟು ಹಾಕಿದ್ದರು. ಗಂಗಾಮಣಿ ಮೈಕೈ ತುಂಬಿಕೊಂಡ ಹೆಂಗಸು. ಗೇಟಿನೊಳಗೆ ಅರ್ಧ ಹೋದವಳಿಗೆ ಸೆರಗು ಸಿಕ್ಕಿತು. ಸೆರಗು ಬಿಡಿಸಿಕೊಳ್ಳಲು ತಿರುಗಿದರೆ ಗೇಟೂ ತಿರುಗಿತು. ಒದ್ದಾಡಿ ಒದ್ದಾಡಿ ಕೊನೆಗೆ ಹೊಕ್ಕ ಕಡೆಯಿಂದಲೇ ಹೊರಗೆ ಬಂದಳು. ಅಷ್ಟರಲ್ಲಿ ಕಂದು ಬಣ್ಣದ ಹಸುವೊಂದು ಬಂದು, ಅವಳನ್ನು ಒಂದು ಸಲ ನೋಡಿ, ಬೇಲಿಯಲ್ಲಿದ್ದ ಸಂದಿಯಿಂದ ನಿಧಾನಕ್ಕೆ ಒಳಗೆ ಹೋಯಿತು. ಆಚೀಚೆ ಯಾರೂ ಇಲ್ಲವೆಂದು ನೋಡಿಕೊಂಡು ಗಂಗಾಮಣಿಯೂ ಅದರ ಹಿಂದೆಯೇ ಹೋದಳು.

ಮೂರನೆಯದು ಗುಲಾಬಿ ತೋಟ. ಅಲ್ಲಿನ ಕಾವಲುಗಾರ ಸೋಮಯ್ಯ ಅವಳ ತುರುಬನ್ನು ನೋಡಿದವನೇ ಕೋಲು ಅಡ್ಡ ಹಿಡಿದ. ಹೂ ಕೀಳಬಾರದೆಂಬ ಬೋರ್ಡು ಕಾಣಲಿಲ್ಲವೇ ಎಂದು ಕೇಳಿದ. ಅದು ತನ್ನ ಮನೆಯ ಹೂವೆಂದು ಅವಳು ಅಂದರೆ, ಎಲ್ಲರೂ ಹಾಗೆಯೇ ಹೇಳುವುದು ಅಂದ. ಬೆಳಗೋಡಿನ ನೀರು ಕುಡಿದ ಹೆಣ್ಣಿಗೆ ಕಳ್ಳತನದ ಮಾತು ಸಹಿಸದು. ಇಬ್ಬರೂ ಗಿಡ ಗಿಡದ ಮುಂದೆ ನಿಂತು ಕೆಂಪು ಬಣ್ಣ ಹೋಲಿಸಿ ವಾದ ಮಾಡಿದರು. ಕೊನೆಗೆ ಹೂ ಅವಳ ತಲೆಯಿಂದ ಇಳಿದು ಸೋಮಯ್ಯನ ಗುಡಿಸಿಲಿನ ಗಣಪತಿ ಪಟಕ್ಕೆ ಏರಿತು. ಅಷ್ಟಾದರೂ ಅವನಿಗೆ ನಂಬಿಕೆ ಬರಲಿಲ್ಲ. ಇನ್ನೇನು ಕೀಳುತ್ತಾಳೋ ಎಂದು ನಾಲ್ಕನೇ ಪಾರ್ಕಿನವರೆಗೂ ಹಿಂದೆಯೇ ಬಂದ.

ನಾಲ್ಕನೇ ಪಾರ್ಕು ಸಿಲ್ವರ್ ಓಕ್ ಮರಗಳ ತೋಪು. ಎರಡು ಸಿಮೆಂಟು ಬೆಂಚು, ಒಂದಿಷ್ಟು ಒಣಗಿದೆಲೆ. ಗಂಗಾಮಣಿ ಒಂದು ಬೆಂಚಿನ ಮೇಲೆ ಕೂತು ಕಾದಳು. ಸೋಮಯ್ಯ ಇನ್ನೊಂದರ ಮೇಲೆ ಕೂತು ಅವಳನ್ನು ಕಾದ. ಬಹಳ ಹೊತ್ತಾದ ಮೇಲೆ ಪೊದೆಯಲ್ಲಿ ಸರಸರ ಸದ್ದಾಯಿತು. ಅವಳು ಕತ್ತು ಚಾಚಿದಳು. ಪೊದೆಯಿಂದ ಬೋಳು ಕತ್ತಿನ ಕೋಳಿಯೊಂದು ಹೊರಗೆ ಬಂದು ಎಲೆ ಕೆದಕತೊಡಗಿತು.

ಅವಳು ಮುಚ್ಚುಮರೆ ಬಿಟ್ಟು ಸೋಮಯ್ಯನನ್ನೇ ಕೇಳಿದಳು, ನವಿಲು ಎಷ್ಟು ಹೊತ್ತಿಗೆ ಬರುತ್ತದೆ ಎಂದು.

“ನವಿಲಾ?” ಸೋಮಯ್ಯ ತಲೆ ಕೆರೆದುಕೊಂಡ. “ನಾನು ಬಂದಾಗಿಂದ ಇಲ್ಲಿ ಇದೊಂದು ಕೋಳಿ ಐತೆ ಕಣಕ್ಕ. ಅದೂ ನಂದೇಯ.”

ಗಂಗಾಮಣಿಗೆ ಮೊದಲು ದುಃಖವಾಯಿತು, ಆಮೇಲೆ ಒಂದು ಸಂಶಯ ಬಂತು. ಆ ಸಂಶಯವೇ ಅವಳನ್ನು ಐದನೇ ಪಾರ್ಕಿನ ಏರು ಹತ್ತಿಸಿತು. ತುರುಕಿದ ಪೇಪರು ಬೆವರಿಗೆ ಮುದ್ದೆಯಾಗಿ ಬೆರಳು ಕಚ್ಚುತ್ತಿದ್ದರೂ ಅವಳು ನಿಲ್ಲಲಿಲ್ಲ. ಮೇಲೆ ಹೋಗಿ ನೋಡಿದರೆ ಮಂಟಪವೇ ಇರಲಿಲ್ಲ. ನಾಲ್ಕು ಕಂಬ ನಿಂತಿದ್ದವು, ಅವುಗಳ ಮೇಲೆ ಬರೀ ಆಕಾಶ. ಕೆಳಗೆ ಊರು, ಹೆಂಚಿನ ಸೂರುಗಳು, ಬಿಸಿಲಿಗೆ ಮಿರುಗುವ ಹೇಮಾವತಿ, ಸೇತುವೆಯ ಮೇಲೆ ಇರುವೆಯಷ್ಟು ಲಾರಿ. ನಿಜಕ್ಕೂ ಚೆಂದವಿತ್ತು. ಅದು ಅವಳ ಕಣ್ಣಿಗೆ ಹತ್ತಲಿಲ್ಲ. ‘ನೆರಳಿಲ್ಲದ ಮಂಟಪದ ನೆರಳಲ್ಲಿ ಕಾಫಿ ಕುಡಿದವಳು ಇಲ್ಲಿಗೆ ಬಂದೇ ಇಲ್ಲ’ ಎಂಬ ಒಂದೇ ಸಂತೋಷ ಎದೆ ತುಂಬಿತ್ತು. ಮದುವೆಯ ದಿನ ಕೂಡ ಅವಳು ಅಷ್ಟು ಸಂತೋಷಪಟ್ಟಿರಲಿಲ್ಲ.

ಆ ಸಂತೋಷದಲ್ಲಿ ಇಳಿಜಾರಿನಲ್ಲಿ ಓಡಿದಳು. ಹಳ್ಳದ ಮೇಲಿನ ಮರದ ಸೇತುವೆಯಲ್ಲಿ ಎಡಗಾಲಿನ ಶೂ ಕಳಚಿ ನೀರಿಗೆ ಬಿದ್ದು ದೋಣಿಯಂತೆ ತೇಲಿಹೋಯಿತು. ಅವಳು ತಿರುಗಿ ಕೂಡ ನೋಡದೆ, ಒಂದು ಕಾಲಿಗೆ ಶೂ, ಒಂದು ಕಾಲಿಗೆ ಕೆಸರು ಮೆತ್ತಿಕೊಂಡು ನೇರ ಹುಲಿಯಮ್ಮನ ಜಗಲಿಗೆ ಬಂದಳು. ಹೆಂಗಸರು ಆಗಷ್ಟೇ ಸೇರುತ್ತಿದ್ದರು.

ನಿಂತುಕೊಂಡೇ ಎಲ್ಲ ಹೇಳಿದಳು. ನವಿಲಿಲ್ಲ. ಮಂಟಪವಿಲ್ಲ. ನಾನು ಐದನ್ನೂ ಕಣ್ಣಾರೆ ನೋಡಿ ಬಂದಿದ್ದೇನೆ.

ರಾಜಲಕ್ಷ್ಮಮ್ಮ ಕೈಯಲ್ಲಿದ್ದ ಕೋಡುಬಳೆಯನ್ನು ಮುರಿಯದೆ ಹಾಗೆಯೇ ಹಿಡಿದುಕೊಂಡಿದ್ದಳು. ಹುಲಿಯಮ್ಮ, ಹಾಗಾದರೆ ನಾಲ್ಕನೇ ಪಾರ್ಕಿನಲ್ಲಿ ನಿನಗೇನು ಕಂಡಿತು ಎಂದು ಕೇಳಿದಳು.

“ಕೋಳಿ” ಅಂದಳು ಗಂಗಾಮಣಿ.

ಜಗಲಿಗೆ ಜಗಲಿಯೇ ನಕ್ಕಿತು. ಅವಳು ದಾರಿ ತಪ್ಪಿ ಯಾರದೋ ಹಿತ್ತಲಿಗೆ ಹೋಗಿದ್ದಾಳೆ ಎಂದಳು ಒಬ್ಬಳು. ಶೂ ಕಳೆದುಕೊಂಡವಳಿಗೆ ದಾರಿ ಏನು ಗೊತ್ತಾದೀತು ಎಂದಳು ಮತ್ತೊಬ್ಬಳು. ಹುಲಿಯಮ್ಮ ಕಣ್ಣೊರೆಸಿಕೊಳ್ಳುತ್ತ, “ನವಿಲು ಎಲ್ರಿಗೂ ಕಾಣಕಿಲ್ಲ ಕಣೇ, ಅದಕ್ಕೂ ಪುಣ್ಯ ಬೇಕು” ಅಂದಳು. ಅಷ್ಟರಲ್ಲಿ ಚೇತರಿಸಿಕೊಂಡ ರಾಜಲಕ್ಷ್ಮಮ್ಮ, ಪಾಪ, ಬಿಸಿಲೇರಿದ ಮೇಲೆ ಹೋದರೆ ಹಾಗೆಯೇ, ಅವಳನ್ನು ನೋಡಿ ನಗಬೇಡಿ ಎಂದು ಎಲ್ಲರಿಗೂ ಬುದ್ಧಿ ಹೇಳಿದಳು.

ಆ ‘ಪಾಪ’ವನ್ನು ಗಂಗಾಮಣಿ ತಡೆದುಕೊಳ್ಳಲಾರದೆ ಹೋದಳು. ನಗುವನ್ನಾದರೂ ನುಂಗಬಹುದಿತ್ತು. ಅವಳು ಮೆಟ್ಟಿಲ ಮೇಲೆ ಕೂತು, ಉಳಿದ ಒಂದು ಶೂ ಬಿಚ್ಚುತ್ತ, ನಿಧಾನವಾಗಿ ಅಂದಳು:

“ತಮಾಷೆಗಂದೆ ಕಣ್ರೇ. ನೋಡ್ಬುಟ್ಟೇ ಬಂದೆ. ಒಂದಲ್ಲ, ಎರಡವೆ. ಒಂದು ಬಿಳೀದು.”

ಕೋಡುಬಳೆ ತಟ್ಟೆ ಅವಳ ಕಡೆ ತಿರುಗಿತು. ಬಿಸಿಲು ಇಳಿಯುವವರೆಗೂ ಅವಳು ಬಿಳಿ ನವಿಲಿನ ಕತೆ ಹೇಳಿದಳು. ಅದರ ಕೊಕ್ಕು, ಅದರ ಗತ್ತು, ಅದು ಹಾಲಿನ ಕೆನೆಯಂಥ ಗರಿಯನ್ನು ಒಂದೊಂದಾಗಿ ಬಿಚ್ಚಿದ ರೀತಿ. ಬೆಳಗೋಡಿನ ಬಸ್ಸು ಅವಳಿಗೆ ಯಾವತ್ತೂ ಇಂಥ ಕತೆ ಕೊಟ್ಟಿರಲಿಲ್ಲ.

ಮನೆಗೆ ಬಂದು ಕಾಲು ತೊಳೆಯುವಾಗ ಹಿತ್ತಲ ಬೇಲಿಯಾಚೆ ರಾಜಲಕ್ಷ್ಮಮ್ಮ ನಿಂತಿದ್ದಳು. ಮುಖ ಬಾಡಿತ್ತು. ನಿಜವಾಗಿಯೂ ಎರಡಿದ್ದವೇ ಎಂದು ಕೇಳಿದಳು. ಗಂಗಾಮಣಿ ಹೂಂ ಅಂದಳು.

ರಾಜಲಕ್ಷ್ಮಮ್ಮ ಆಚೀಚೆ ನೋಡಿ ದನಿ ತಗ್ಗಿಸಿದಳು. “ನನ್ನ ಮಂಡಿ ನೋವು ನಿಂಗೇ ಗೊತ್ತಲ್ಲ ಮಾರಾಯ್ತಿ. ನಾನು ಒಂದನೇ ಪಾರ್ಕಿನ ಬೆಂಚು ಬಿಟ್ಟು ಆಚೆಗೆ ಹೋದೋಳಲ್ಲ. ಸಂಜೆ ಪೇಪರು ವಾಪಸ್ ಕೊಡೋಕೆ ಬಂದಾಗ ನಿಮ್ಮೆಜಮಾನ್ರು ಹೇಳ್ತಿದ್ರು, ಇವತ್ತು ನವಿಲು ಹಿಂಗೆ ಮಾಡ್ತು, ಹಂಗೆ ಮಾಡ್ತು ಅಂತ. ಅದನ್ನೇ ನಾನು ಹೇಳ್ತಿದ್ದೆ. ಎಷ್ಟು ಚೆನ್ನಾಗಿ ಹೇಳ್ತಾರೆ ಅವ್ರು.”

ಗಂಗಾಮಣಿ ಚೊಂಬನ್ನು ಕೆಳಗಿಟ್ಟಳು.

ಮದುವೆಯಾದಾಗಿನಿಂದ ಪ್ರತಿ ಸಂಜೆ ಅವಳು ಗಂಡನನ್ನು ಇವತ್ತೇನು ವಿಶೇಷ ಎಂದು ಕೇಳುತ್ತ ಬಂದಿದ್ದಳು. ಅವನು ಪ್ರತಿ ಸಂಜೆ “ಏನಿಲ್ಲ” ಎನ್ನುತ್ತ ಬಂದಿದ್ದ. ಪಾರ್ಕಿನ ದಾರಿ ತುಳಿಯದ ಮನುಷ್ಯ ಬೇಲಿಯ ಮೇಲೆ ನವಿಲು ಕುಣಿಸಿದ್ದಾನೆ. ಸುಳ್ಳು ಹೇಳಿದನೆಂದು ಅವಳಿಗೆ ಸಿಟ್ಟು ಬರಲಿಲ್ಲ. ಅಷ್ಟು ಚೆಂದದ ಸುಳ್ಳೊಂದನ್ನು ತನಗೆ ಹೇಳಲಿಲ್ಲವಲ್ಲ ಎಂದು ಕರುಳು ಚುರ್ರೆಂದಿತು.

ನಟರಾಜ್ ಬಂದ ಕೂಡಲೇ ಹಿಡಿಯಬೇಕೆಂದು ಬಾಗಿಲಲ್ಲೇ ಕೂತಳು. ಅವನು ಅವತ್ತು ಎಂದಿಗಿಂತ ಬೇಗ ಬಂದ. ಸುದ್ದಿ ಡಿಪೋದವರೆಗೆ ಹೋಗಿತ್ತು. ಅವಳು ಬಾಯಿ ತೆರೆಯುವ ಮುಂಚೆ ಅವನೇ ಚಪ್ಪಲಿ ಕೂಡ ಬಿಡದೆ ಎದುರಿಗೆ ಕೂತುಕೊಂಡ.

“ಎರಡು ನವಿಲು ನೋಡಿದ್ಯಂತೆ? ಬಿಳೀದೂ ಐತಂತೆ?” ಎಂದ. ಅವನ ಕಣ್ಣು ಮಗುವಿನ ಕಣ್ಣಿನಂತಾಗಿತ್ತು. “ನಾನು ಸುಮ್ನೆ ಬಾಯಿಗೆ ಬಂದಿದ್ದು ಕಟ್ಟಿ ಹೇಳಿದ್ದೆ ಕಣೇ. ನಿಜ್ವಾಗ್ಲೂ ಐತಲ್ಲ.”

ಗಂಗಾಮಣಿ ಇಕ್ಕಟ್ಟಿಗೆ ಸಿಕ್ಕಿದಳು. ಇಲ್ಲವೆಂದರೆ ನಾಳೆ ಜಗಲಿಯಲ್ಲಿ ಮುಖವಿಲ್ಲ. ಇದೆಯೆಂದರೆ ಗಂಡನನ್ನು ಬೈಯಲು ಬಾಯಿಲ್ಲ. ಎದ್ದು ಕಾಫಿಗೆ ನೀರಿಟ್ಟಳು.

ಬೆಳಗ್ಗೆ ಅವಳ ಎಡಗಾಲು ಕುಂಬಳಕಾಯಿಯಂತೆ ಊದಿತ್ತು. ಬಾಗಿಲಲ್ಲಿ ಆಟೋ ನಿಂತಿತ್ತು. ನಾಲ್ಕನೇ ಪಾರ್ಕಿನ ಹಿಂಬದಿಗೆ ಎಸ್ಟೇಟ್ ರಸ್ತೆ ಇದೆಯೆಂದು ಡ್ರೈವರು ಹೇಳಿದ್ದನಂತೆ, ನಡೆಯುವ ಗೋಜೇ ಇಲ್ಲ. ಹಿಂದೆ ರಾಜಲಕ್ಷ್ಮಮ್ಮ ಹೊಸ ಶಾಲು ಹೊದ್ದು, ಫ್ಲಾಸ್ಕು ಹಿಡಿದು ಕೂತಿದ್ದಳು. ಪಕ್ಕದಲ್ಲಿ ಹುಲಿಯಮ್ಮ. ದಾರಿ ತೋರಿಸುವವನಂತೆ ಮುಂದೆ ಡ್ರೈವರನ ಪಕ್ಕ ನಟರಾಜ್, ತಲೆಗೆ ಎಣ್ಣೆ ಹಾಕಿ ಬೈತಲೆ ತೆಗೆದು. ನೀನು ಹೇಗೂ ನೋಡಿ ಬಂದವಳು, ಮಲಗಿಕೋ ಎಂದು ಎಲ್ಲರೂ ಗಂಗಾಮಣಿಗೆ ಹೇಳಿದರು. ಆಟೋ ಹೊರಟಿತು.

ಅವಳು ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು ಕಾದಳು. ಸೋಮಯ್ಯ ಕೋಳಿ ತೋರಿಸುತ್ತಾನೆ, ಇನ್ನೇನು ತನ್ನ ಮಾನ ಆಟೋದಲ್ಲಿ ವಾಪಸು ಬರುತ್ತದೆ ಎಂದು ಬೀದಿಯ ತಿರುವನ್ನೇ ನೋಡುತ್ತಿದ್ದಳು. ಬಿಸಿಲೇರಿದ ಮೇಲೆ ಆಟೋ ಬಂತು. ಬೀದಿಯ ಹೆಂಗಸರೆಲ್ಲ ಸುತ್ತ ಸೇರಿದರು. ನಟರಾಜ್ ಮೊದಲು ಇಳಿದು ಹೆಂಡತಿಯ ಮುಖ ನೋಡದೆ ಒಳಗೆ ಹೋದ. ಹುಲಿಯಮ್ಮ ಇಳಿದು ಸೀರೆ ಕೊಡವಿಕೊಂಡಳು. ಪುಣ್ಯವಂತರಿಗೇ ಕಾಣುವುದೆಂದು ತಾನೇ ಹೇಳಿದ್ದವಳು, ಈಗ ಕಾಣಲಿಲ್ಲವೆಂದರೆ ತಾನೇ ಪುಣ್ಯವಿಲ್ಲದವಳಾಗುತ್ತೇನೆಂದು ರಾಜಲಕ್ಷ್ಮಮ್ಮನ ಕಡೆ ನೋಡಿದಳು.

ರಾಜಲಕ್ಷ್ಮಮ್ಮ ಶಾಲು ಸರಿಮಾಡಿಕೊಂಡು, ಒಂದು ಕಾಲು ನೆಲಕ್ಕೆ ಊರಿ, ಎಲ್ಲರಿಗೂ ಕೇಳುವಂತೆ ಹೇಳಿದಳು:

“ಮೂರು.”

ಹುಲಿಯಮ್ಮ ತಲೆಯಾಡಿಸಿದಳು.

ಅಲ್ಲಿ ಇರುವುದು ಸೋಮಯ್ಯನ ಕೋಳಿ ಒಂದೇ ಎಂದು ಗಂಗಾಮಣಿಗೆ ತನ್ನ ಹೆಸರಿನಷ್ಟೇ ಚೆನ್ನಾಗಿ ಗೊತ್ತಿತ್ತು. ಆದರೂ ಊದಿದ ಕಾಲನ್ನು ನೀವಿಕೊಳ್ಳುತ್ತ, ತಾನು ಹೋದ ದಿನವೇ ಆ ಮೂರನೆಯದು ಎಲ್ಲಿ ಹಾಳಾಗಿ ಹೋಗಿತ್ತೋ ಎಂದು ಅವಳ ಹೊಟ್ಟೆ ಭಗಭಗನೆ ಉರಿಯಿತು.