ಪಿಡ್ಯೊಂಗ್ ಕೈ ತೊಳೆದದ್ದು

ಇಷ್ಟೆಲ್ಲ ರಗಳೆಗೂ ಮೂಲ ಮಾಂಗ್ ಇಸ್ಯೊಂಗನ ಎರಡು ಕೈಗಳು. ಸಾನ್ ರೋಕೆ ಬಂದರಿನಿಂದ ಮಿಂದೋರೊ ದ್ವೀಪಕ್ಕೆ ಜನರನ್ನು ಸಾಗಿಸುವ ‘ಡೋನ್ಯಾ ಪುರಿಫಿಕಸ್ಯೋನ್’ ಹಡಗಿನ ಅಡುಗೆಯವನು ಅವನು. ಅವನು ಮಾಡುವ ಸಿನಿಗಾಂಗ್ ಹುಳಿಸಾರಿನ ಆಸೆಗೆ, ದ್ವೀಪದಲ್ಲಿ ಏನೂ ಕೆಲಸವಿಲ್ಲದಿದ್ದರೂ ಟಿಕೆಟ್ ಕೊಳ್ಳುವವರಿದ್ದರು. ಆದರೆ ಒಲೆಯ ಮುಂದೆ ಕಾದ ಆ ಕೈಗಳನ್ನು ನಲ್ಲಿಗೆ ಒಡ್ಡು ಎಂದರೆ ಮಾತ್ರ ಮನುಷ್ಯ ಜಪ್ಪಯ್ಯ ಎಂದರೂ ಒಪ್ಪುತ್ತಿರಲಿಲ್ಲ. ಕಾದ ಕೈಗೆ ತಣ್ಣೀರು ಬಿದ್ದರೆ ಪಾಸ್ಮಾ ಹಿಡಿಯುತ್ತದೆ, ನರಗಳು ಮುನಿದುಕೊಂಡು ಕೈ ಗಡಗಡ ನಡುಗುತ್ತದೆ ಎಂಬುದು ನಮ್ಮ ಕಡೆ ಹಾಲು ಕುಡಿಯುವ ಮಕ್ಕಳಿಗೂ ಗೊತ್ತು. ಗೊತ್ತಿಲ್ಲದಿರುವುದು ಸರ್ಕಾರಕ್ಕೆ ಮಾತ್ರ.

ಹೋದ ವರ್ಷ ಹಡಗಿನ ನೈರ್ಮಲ್ಯ ತಪಾಸಣೆಗೆ ಬಂದಿದ್ದ ಮುದಿ ಡಾಕ್ಟರು “ಕೈ ತೊಳೆದು ತೋರಿಸಿ” ಎಂದಾಗ, ಇಸ್ಯೊಂಗ್ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು “ಸಂಜೆ ಬನ್ನಿ, ಅಷ್ಟೊತ್ತಿಗೆ ಆರಿರುತ್ತೆ” ಎಂದಿದ್ದ. ಹಡಗು ನಪಾಸಾಯಿತು. ಸಂಜೆ ಮತ್ತೆ ತಪಾಸಣೆ ನಡೆಯಿತು, ಆರಿದ ಕೈಯನ್ನು ಇಸ್ಯೊಂಗ್ ತೊಳೆದೂ ತೋರಿಸಿದ. ಆದರೆ ತಪಾಸಣೆಯ ಶುಲ್ಕವಿದೆಯಲ್ಲ, ಅದು ಹಡಗಿನಲ್ಲಿ ಎಷ್ಟು ಜನ ಹಿಡಿಸುತ್ತಾರೋ ಆ ಲೆಕ್ಕಕ್ಕೆ ಕಟ್ಟುವಂಥದು. ಮರುತಪಾಸಣೆಯಾದರೆ ಮತ್ತೆ ಅಷ್ಟೂ ಕಟ್ಟಬೇಕು. ಹಡಗಿನ ಒಡತಿ ಮೇಡಂ ಕೋರಿಂಗ್ ಗಂಡ ತೀರಿಹೋದ ದಿನವನ್ನಾದರೂ ಮರೆತಾರು, ಆ ಎರಡನೆಯ ಶುಲ್ಕ ಕಟ್ಟಿದ ದಿನವನ್ನು ಮರೆಯುವವರಲ್ಲ.

ಈ ವರ್ಷದ ತಪಾಸಣೆಯ ದಿನ ಬೆಳಿಗ್ಗೆಯೇ ಆಕೆ ಹಡಗು ಹತ್ತಿ ಬಂದು ಪಿಡ್ಯೊಂಗನನ್ನು ಕರೆದರು. ಪಿಡ್ಯೊಂಗ್ ಹಡಗಿನಲ್ಲಿ ಪ್ರಯಾಣಿಕರ ಊಟ, ಆಸನ, ಸ್ವಚ್ಛತೆ ಎಲ್ಲದರ ಉಸ್ತುವಾರಿ.

“ನೋಡು ಪಿಡ್ಯೊಂಗ್, ಒಂದು ಸಲದ ಶುಲ್ಕ ಕಟ್ಟಿ ಬಂದಿದೀನಿ. ಎರಡನೇ ಸಲದ್ದು ಅಂತ ಬಂದ್ರೆ ಅದು ನಿನ್ನ ಸಂಬಳದಿಂದ.”

“ಪಾಸಾದ್ರೆ ಅಮ್ಮಾವ್ರೇ?”

“ಪಾಸಾದ್ರೆ ಟಿಕೆಟ್ ಕಿಟಕಿ ಹಿಂದಿನ ಕುರ್ಚಿ ನಿಂದು. ಇವತ್ತಿಂದಾನೇ ಹೋಗಿ ಕೂತ್ಕೋ.”

ಪಿಡ್ಯೊಂಗನಿಗೆ ಸ್ವರ್ಗದ ಬಾಗಿಲೇ ತೆರೆದ ಹಾಗಾಯಿತು. ಹಡಗಿನಲ್ಲೇ ಅವನ ಕೂದಲು ನರೆತಿತ್ತು, ಆದರೂ ಹಗ್ಗ ಬಿಚ್ಚಿದ ಕೂಡಲೇ ಹೊಟ್ಟೆ ತೊಳಸುವುದು ನಿಂತಿರಲಿಲ್ಲ. ಟಿಕೆಟ್ ಕಿಟಕಿ ಎಂದರೆ ಅಲುಗಾಡದ ನೆಲ, ತಲೆಯ ಮೇಲೆ ಫ್ಯಾನು, ರಸ್ತೆ ದಾಟಿದರೆ ಸ್ವಂತ ಮನೆ. ಎಷ್ಟೋ ವರ್ಷಗಳಿಂದ ಆ ಕುರ್ಚಿಯನ್ನು ಅವನು ದೂರದಿಂದ ನೋಡಿ ನಿಟ್ಟುಸಿರು ಬಿಟ್ಟಿದ್ದ. ಅಂಥವನು ಸುಮ್ಮನಿರುತ್ತಾನೆಯೇ? ಕೂಡಲೇ ಹೆಂಡತಿ ಲುರಿಂಗಳಿಗೆ ಫೋನು ಮಾಡಿದ.

“ಮಧ್ಯಾಹ್ನಕ್ಕೆ ತುಲಿಂಗಾನ್ ಮೀನು ಮಾಡು. ಬಾಳೆಲೆ ಸುತ್ತಿ, ಮಡಕೇಲಿಟ್ಟು ಬೇಯಿಸು. ಹಡಗಿಗೆ ತರ್ಬೇಡ, ಟಿಕೆಟ್ ಕಿಟಕಿಗೆ ತಾ.”

“ಪಾಸಾಗೋಯ್ತಾ?”

“ಆದ ಹಾಗೇ ಅಂದ್ಕೋ.”

ಅವನ ಧೈರ್ಯಕ್ಕೆ ಕಾರಣವೂ ಇತ್ತು. ಈ ಸಲ ಬರುವ ಡಾಕ್ಟರು ಹೊಸಬರು, ಹಡಗಿನ ಯಾರ ಮುಖವನ್ನೂ ಕಂಡವರಲ್ಲ. ಇಸ್ಯೊಂಗ್ ಬೆಳಿಗ್ಗೆಯೇ ಸಾರಿಗೆ ಸೊಪ್ಪು ಹಾಕುವುದೊಂದು ಬಿಟ್ಟು ಉಳಿದ ಅಡುಗೆಯೆಲ್ಲ ಮುಗಿಸಿಬಿಟ್ಟರೆ, ಅವನ ಟೋಪಿ ಮತ್ತು ಏಪ್ರನ್ ತೊಟ್ಟು ಒಲೆಯ ಮುಂದೆ ತಾನು ನಿಂತರಾಯಿತು. ಪಾಸ್ಮಾ ಗೀಸ್ಮಾ ಎಲ್ಲ ಕೈಲಾಗದವರ ನೆಪ ಎಂದು ಪಿಡ್ಯೊಂಗ್ ಹಡಗಿನವರ ಮುಂದೆ ಆಗಾಗ ಹೇಳುತ್ತಿದ್ದುದುಂಟು.

“ನನ್ನ ಮಡಕೆ ಹತ್ರ ನೀನಾ?” ಇಸ್ಯೊಂಗ್ ಹೌಹಾರಿದ. “ನೀರು ಕಾಯಿಸಿದ್ರೂ ಸೀಯಿಸೋ ಪೈಕಿ ಕಣೋ ನೀನು!”

“ಸೌಟು ಹಿಡಿದು ನಿಲ್ಲೋದಕ್ಕೆ ಯಾವ ಮಹಾ ವಿದ್ಯೆ ಬೇಕು ಮಾಂಗ್ ಇಸ್ಯೊಂಗ್? ನೀವು ಈ ಹೂವಿನ ಅಂಗಿ ಹಾಕ್ಕೊಂಡು, ಈ ಕಪ್ಪು ಕನ್ನಡಕ ಇಟ್ಕೊಂಡು, ಪ್ರಯಾಣಿಕರ ಜೊತೆ ಹಿಂದಿನ ಸಾಲಲ್ಲಿ ಕೂತಿರಿ. ಬಾಯಿಗೊಂದು ಬೀಗ ಹಾಕ್ಕೊಳ್ಳಿ. ಅಷ್ಟು ಸಾಕು.”

ಡಾಕ್ಟರ್ ಉಮಾಲಿ ಬಂದರು. ಇಸ್ತ್ರಿ ಮಾಡಿದ ಬಿಳಿಯಂಗಿ, ಕೈಯಲ್ಲಿ ಟಾರ್ಚು, ಜೇಬಿನಲ್ಲಿ ಥರ್ಮಾಮೀಟರು. ವಯಸ್ಸು ಚಿಕ್ಕದು, ಮುಖ ಮಾತ್ರ ಪರೀಕ್ಷೆಯ ದಿನದ ಹೆಡ್‌ಮಾಸ್ತರರದು. ನೇರ ಅಡುಗೆಮನೆಗೇ ನುಗ್ಗಿದರು.

“ಅಡುಗೆಯವರು ಯಾರು?”

“ನಾನೇ ಡಾಕ್ಟ್ರೇ,” ಎಂದ ಪಿಡ್ಯೊಂಗ್, ಎದೆಯುಬ್ಬಿಸಿ.

“ಹೆಸರು?”

ಇಸ್ಯೊಂಗನ ಹೆಸರು ಹೇಳಬೇಕೆಂದು ಪಿಡ್ಯೊಂಗ್ ಬಾಯಿ ತೆರೆದನೋ ಇಲ್ಲವೋ, ಬಡಿಸುವ ಕಟ್ಟೆಯ ಆಚೆಯಿಂದ ಒಂದು ಗಂಟಲು ಕೇಳಿಸಿತು.

“ಲೋ ಪಿಡ್ಯೊಂಗ್! ಎಲ್ಪಿಡಿಯೊ ಮಾಂದಿಗ್ಮಾ! ಏನೋ ಇದು ನಿನ್ನ ವೇಷ?”

ಪಕ್ಕದ ಮನೆಯ ಆಲಿಂಗ್ ತಾಸಿಂಗ್! ದ್ವೀಪದಲ್ಲಿರುವ ಮಗಳ ಮನೆಗೆಂದು, ಸೊಂಟದ ಮೇಲೆ ಮೊಮ್ಮಗನನ್ನು ಏರಿಸಿಕೊಂಡು ಹಡಗು ಹತ್ತಿದ್ದಳು. ಡಾಕ್ಟರರು ‘ಎಲ್ಪಿಡಿಯೊ ಮಾಂದಿಗ್ಮಾ’ ಎಂದು ಬರೆದುಕೊಂಡೇಬಿಟ್ಟರು.

“ನಿನ್ನ ಹೆಂಡ್ತಿ ಮೀನಿನ ಅಂಗಡೀಲಿ ಸಿಕ್ಕಿದ್ಲು. ನೀನು ಯಾವಾಗಿಂದಲೋ ಅಡುಗೆ...”

“ಊಟ ಮಾಡೋಣ ಬನ್ನಿ ಆಲಿಂಗ್ ತಾಸಿಂಗ್!” ಪಿಡ್ಯೊಂಗ್ ಒಂದು ತಟ್ಟೆ ತುಂಬ ಅನ್ನ ಬಡಿಸಿ ಅವಳ ಮುಂದೆ ತಳ್ಳಿದ. ಊಟಕ್ಕೆ ಕರೆದರೆ ‘ಬೇಡಪ್ಪ, ಈಗ ತಾನೇ ಆಯ್ತು’ ಅನ್ನುವುದು ನಮ್ಮಲ್ಲಿ ರೂಢಿ. ಪುಣ್ಯಕ್ಕೆ ಆಲಿಂಗ್ ತಾಸಿಂಗಳಿಗೆ ಆ ರೂಢಿ ಇರಲಿಲ್ಲ. ಅವಳು ತಟ್ಟೆ ಎಳೆದುಕೊಂಡು ಕುಳಿತಳು.

“ಮಿಸ್ಟರ್ ಮಾಂದಿಗ್ಮಾ, ನೀವು ಖಾಯಂ ಅಡುಗೆಯವರು ತಾನೆ?” ಡಾಕ್ಟರರು ಕೇಳಿದರು. “ತಪಾಸಣೆ ದಿನ ಒಬ್ಬರು, ಮಾರನೇ ದಿನ ಇನ್ನೊಬ್ಬರು, ಆ ಆಟ ನನ್ನ ಹತ್ತಿರ ನಡೆಯೋದಿಲ್ಲ.”

“ಛೆ ಛೆ, ಏನ್ ಮಾತು ಡಾಕ್ಟ್ರೇ! ಈ ಹಡಗು ಮುಳುಗೋವರೆಗೂ ಒಲೆ ಮುಂದೆ ನಾನೇ.”

ಹಡಗಿನೊಳಗೆ ನಿಂತು ಮುಳುಗುವ ಮಾತಾಡಿದ್ದಕ್ಕೆ ಬಾಗಿಲಲ್ಲಿದ್ದ ನಾವಿಕ ಬೆಚ್ಚಿಬಿದ್ದು ಶಿಲುಬೆಯ ಗುರುತು ಹಾಕಿಕೊಂಡ. ಡಾಕ್ಟರರ ಮುಖ ಮಾತ್ರ ಸ್ವಲ್ಪ ಸಡಿಲವಾಯಿತು.

“ಸರಿ. ಸಾರು ಕುದೀತಾ ಇದೆ, ತಿರುವಿ. ಹಾಂ, ಈಗ ಕೈ ತೊಳೆದು ತೋರಿಸಿ.”

ಪಿಡ್ಯೊಂಗ್ ಕಾಯುತ್ತಿದ್ದದ್ದೇ ಇದಕ್ಕೆ. ಒಲೆಯ ಝಳಕ್ಕೆ ಕೆಂಪಗಾಗಿದ್ದ ಕೈಗಳನ್ನು ನೇರ ನಲ್ಲಿಯ ಕೆಳಗೆ ಹಿಡಿದ. ಮೊಣಕೈವರೆಗೆ ಸೋಪು ಬಳಿದ, ಬೆರಳ ಸಂದಿ ಉಜ್ಜಿದ, ಉಗುರು ಉಜ್ಜಿದ, ಮತ್ತೊಮ್ಮೆ ಸೋಪು ಬಳಿದ. ಹಿಂದಿನ ಸಾಲಿನಿಂದ “ಅಯ್ಯೋ ನನ್ನ ಯೇಸುವೇ!” ಎಂದು ಕಪ್ಪು ಕನ್ನಡಕದವನೊಬ್ಬ ಚೀರಿದ. ಇಬ್ಬರು ಮುದುಕಿಯರು ನೋಡಲಾರದೆ ಮುಖ ತಿರುಗಿಸಿಕೊಂಡರು. ಡಾಕ್ಟರರು ಬರೆಯುವುದನ್ನು ಬಿಟ್ಟು ತಲೆಯೆತ್ತಿದರು.

“ಒಲೆ ಮುಂದಿನಿಂದ ಬಂದು ಹೀಗೆ ತಣ್ಣೀರಿಗೆ ಕೈಯೊಡ್ಡಿದ ಅಡುಗೆಯವರನ್ನು ನಾನು ನೋಡ್ತಿರೋದು ಇದೇ ಮೊದಲು ಮಿಸ್ಟರ್ ಮಾಂದಿಗ್ಮಾ.”

ಅಲ್ಲಿಗೇ ತಪಾಸಣೆ ಮುಗಿದಿದ್ದರೆ ಪಿಡ್ಯೊಂಗ್ ಬಚಾವಾಗುತ್ತಿದ್ದ. ಆದರೆ ಗಾಳಿಯಲ್ಲಿ ಸಾರಿನ ಪರಿಮಳ ಹಿಂದಿನ ಸಾಲಿನವರೆಗೂ ಹೋಯಿತು. ಇಸ್ಯೊಂಗನಿಗೆ ತಡೆಯಲಾಗಲಿಲ್ಲ. ಕನ್ನಡಕದ ಸಮೇತ ಅಡುಗೆಮನೆಗೆ ನುಗ್ಗಿ, ಚಮಚದಲ್ಲಿ ಸಾರು ಎತ್ತಿ ಸುರ್ರೆಂದು ಹೀರಿ, ಅದೇ ಚಮಚವನ್ನು ಮತ್ತೆ ಮಡಕೆಗೆ ಅದ್ದಿದ.

“ಹುಣಸೆ ಇನ್ನೊಂದು ಕುದಿ ಬರಬೇಕಿತ್ತು ಕಣೋ. ಸೊಪ್ಪು ಈಗಲೇ ಯಾಕ್ ಹಾಕ್ದೆ?”

“ಯಾರಿದು?” ಎಂದರು ಡಾಕ್ಟರರು.

“ಪ್ರಯಾಣಿಕರು ಡಾಕ್ಟ್ರೇ. ಹಸಿವು ಸ್ವಲ್ಪ ಜಾಸ್ತಿ.”

ಎಂಜಲು ಚಮಚಕ್ಕೆ ಅಂಕ ಹೋಯಿತು, ಅಡುಗೆಮನೆಗೆ ಪರರು ನುಗ್ಗಿದ್ದಕ್ಕೆ ಇನ್ನಷ್ಟು ಹೋಯಿತು. ಊಟದ ಕೋಣೆಯಲ್ಲಿ ಡಾಕ್ಟರರು ಟಾರ್ಚು ಹಿಡಿದು ಮೇಜಿನಡಿ ಬಗ್ಗಿದರೆ, ಅಲ್ಲಿ ಯಾರೋ ಕಟ್ಟಿಹಾಕಿದ್ದ ಕಾಳಗದ ಹುಂಜ ಬೆಳಕಿಗೆ ರೇಗಿ, ಹಗ್ಗ ಕಿತ್ತುಕೊಂಡು ಮೇಜಿನ ಮೇಲೆ ಹಾರಿ, ತಟ್ಟೆಗಳ ಮೇಲೆ ಮದುವಣಿಗನ ಹಾಗೆ ನಡೆದುಹೋಯಿತು. “ರೆಕ್ಕೆ ಮುಟ್ಬೇಡಿ ಸ್ವಾಮೀ, ಭಾನುವಾರ ಪಂದ್ಯ ಇದೆ!” ಎಂದು ಅದರ ಒಡೆಯ ಡಾಕ್ಟರರನ್ನೇ ಗದರಿಸಿದ. ಅಂಕಗಳು ಗಾಳಿಗೆ ಸಿಕ್ಕ ತರಗೆಲೆಯಂತೆ ಹಾರಿದವು.

ಕೊನೆಗೆ ಕೂಡಿ ನೋಡಿದರೆ ಪಾಸಾಗುವುದಕ್ಕೆ ಒಂದೇ ಒಂದು ಅಂಕ ಕಡಿಮೆ.

“ಕ್ಷಮಿಸಿ, ನಿಮ್ಮ ತಪ್ಪಿಲ್ಲ, ಗೊತ್ತು. ಆದರೆ ಮರುತಪಾಸಣೆ ಆಗಲೇಬೇಕು,” ಎಂದರು ಡಾಕ್ಟರರು. ಪಿಡ್ಯೊಂಗ್ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಕುರ್ಚಿಯೂ ಹೋಯಿತು, ಸಂಬಳವೂ ಹೋಯಿತು, ಮೀನಿನ ಮಡಕೆ ಹೊತ್ತು ಬರುವ ಲುರಿಂಗಳಿಗೆ ಏನು ಹೇಳುವುದು? ಇಂಗು ತಿಂದ ಮಂಗನಂತೆ ಅವನು ಡಾಕ್ಟರರ ಹಿಂದೆಯೇ ಹೊರಟ.

ಇಳಿಯುವ ಏಣಿಯ ಹತ್ತಿರ ಆಲಿಂಗ್ ತಾಸಿಂಗ್ ಮೊಮ್ಮಗನಿಗೆ ಗಾಳಿ ಹಾಕುತ್ತಾ ಕೂತಿದ್ದಳು. ಮಗು ಡಾಕ್ಟರರನ್ನು ನೋಡಿ ಬೊಚ್ಚುಬಾಯಿ ತೆರೆದು ನಕ್ಕಿತು. ಎಂಥ ಹೆಡ್‌ಮಾಸ್ತರನಾದರೂ ಕರಗಬೇಕಾದ್ದೇ. ಡಾಕ್ಟರರು ಕೆನ್ನೆ ಚಿವುಟಿ, “ಅಬ್ಬಾ, ಎಷ್ಟು ದುಂಡು ದುಂಡಗಿದೆ ಮಗು!” ಎಂದರು.

ಮಗು ಅವರನ್ನೇ ಒಂದು ಗಳಿಗೆ ದಿಟ್ಟಿಸಿತು. ಆಮೇಲೆ ಹಡಗಿನ ಸೈರನ್ನನ್ನು ನಾಚಿಸುವಂತೆ ಕಿರುಚಿ, ಕುಡಿದ ಹಾಲೆಲ್ಲ ಕಕ್ಕಿತು.

“ದೃಷ್ಟಿ ತಾಗಿಸಿಬಿಟ್ರಲ್ಲಪ್ಪಾ!” ಆಲಿಂಗ್ ತಾಸಿಂಗ್ ಎದ್ದು ದಾರಿಗೆ ಅಡ್ಡ ನಿಂತಳು. “ಹೊಸಬರು ಮಗೂನ ಹೊಗಳಿ, ಹೊಟ್ಟೆಗೆ ಎಂಜಲು ಹಚ್ಚದೆ ಹೊರಟೋಗೋದುಂಟಾ? ಹಚ್ಚಿ, ಹಚ್ಚಿ!”

“ಅಮ್ಮಾ, ನಾನು ಆರೋಗ್ಯ ಇಲಾಖೆಯವನು...”

“ಅದಕ್ಕೇ ಹೇಳ್ತಿರೋದು! ಮಗು ಆರೋಗ್ಯ ಕೆಡಿಸಿದೋರು ನೀವು, ಸರಿಮಾಡೋರೂ ನೀವೇ. ನಿಮ್ಮಮ್ಮ ನಿಮ್ಮನ್ನ ಎಂಜಲು ಹಚ್ಚಿಸದೇ ಬೆಳೆಸಿದ್ಲಾ?”

ಡಾಕ್ಟರರ ತಲೆಯ ಹಿಂದೆಯೇ ‘ಇಲ್ಲಿ ಉಗುಳಬಾರದು’ ಎಂಬ ಫಲಕ ತೂಗುತ್ತಿತ್ತು. ಸುತ್ತ ಜನ ಮುತ್ತಿಕೊಂಡರು. ಹುಂಜದವನು “ಪಾಪ, ಮಗು ನೀಲಿಗಟ್ತಾ ಇದೆ” ಎಂದು ಇಲ್ಲದ್ದೊಂದು ಸೇರಿಸಿದ. ಡಾಕ್ಟರರು ಆಚೆ ನೋಡಿದರು, ಈಚೆ ನೋಡಿದರು. ಅವರೂ ಇದೇ ನೀರು ಕುಡಿದು ಬೆಳೆದ ಮಗನಲ್ಲವೇ? ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿಕೊಂಡು, ಮಗುವಿನ ಹೊಟ್ಟೆಗೆ ಸರಕ್ಕನೆ ಬಳಿದುಬಿಟ್ಟರು. ಮಗು ಬಿಕ್ಕಳಿಸಿತು, ಸುಮ್ಮನಾಯಿತು, ನಕ್ಕಿತು. ಜನ ಚಪ್ಪಾಳೆ ತಟ್ಟಿದರು.

ತಿರುಗಿದರೆ ಎದುರಿಗೇ ಪಿಡ್ಯೊಂಗ್, ಕೈಕಟ್ಟಿ ನಿಂತಿದ್ದಾನೆ. ಡಾಕ್ಟರರ ಕಿವಿ ಕೆಂಪೇರಿತು.

“ಮಿಸ್ಟರ್ ಮಾಂದಿಗ್ಮಾ, ನೀವು... ನೋಡಿದ್ರಾ?”

“ಏನನ್ನ ಡಾಕ್ಟ್ರೇ? ನಾನು ಅಡುಗೆಯವನು, ನನಗೆ ಮಡಕೆ ಬಿಟ್ರೆ ಬೇರೇನೂ ಕಾಣ್ಸಲ್ಲ.” ಸ್ವಲ್ಪ ತಡೆದು ಅವನು ಮೆಲ್ಲಗೆ ಸೇರಿಸಿದ: “ಆದ್ರೆ ಆ ಕೈ ತೊಳೆದದ್ದಕ್ಕೆ ನೀವು ಕೊಟ್ಟ ಅಂಕ ಚೂರು ಕಡಿಮೆ ಆಯ್ತೇನೋ ಅಂತ...”

“ನನಗೂ ಹಾಗೇ ಅನ್ನಿಸ್ತಿತ್ತು,” ಎಂದರು ಡಾಕ್ಟರರು ಅವಸರವಾಗಿ. ಅಲ್ಲೇ ನಿಂತು ಅಂಕ ತಿದ್ದಿದರು. ಹಡಗು ಪಾಸಾಯಿತು. ಅಷ್ಟಕ್ಕೇ ಅವರ ಋಣಭಾರ ಇಳಿಯಲಿಲ್ಲವೆಂದು ಕಾಣುತ್ತದೆ, ಇನ್ನೂ ಏನೇನೋ ಬರೆದರು. ಪಿಡ್ಯೊಂಗ್ ಮನಸ್ಸಿನಲ್ಲಿ ಆಗಲೇ ಟಿಕೆಟ್ ಕಿಟಕಿಯ ಫ್ಯಾನಿನ ಗುಂಡಿ ಒತ್ತುತ್ತಿದ್ದ.

ಮೇಡಂ ಕೋರಿಂಗ್ ಏಣಿ ಹತ್ತಿ ಬಂದರು. ಡಾಕ್ಟರರು ಪ್ರಮಾಣಪತ್ರವನ್ನು ಎರಡೂ ಕೈಯಲ್ಲಿ ಕೊಟ್ಟರು.

“ಅಭಿನಂದನೆ ಮೇಡಂ. ಹಡಗು ಪಾಸಾದದ್ದು ನಿಮ್ಮ ಅಡುಗೆಯವರ ಕೈಗುಣದಿಂದ. ಅದಕ್ಕೇ ಇದನ್ನು ಮಾಂದಿಗ್ಮಾ ಅವರ ಹೆಸರಿನ ಮೇಲೇ ಬರೆದಿದ್ದೇನೆ. ಒಲೆ ಮುಂದೆ ಇವರಿರುವವರೆಗೂ ನಿಮಗೆ ಯಾವ ತೊಂದರೆಯೂ ಇಲ್ಲ. ಇವರನ್ನು ಬದಲಾಯಿಸಿದ ದಿನ ಮಾತ್ರ ಮರುತಪಾಸಣೆ.”

“ಅದಕ್ಕೆ ಶುಲ್ಕ?”

“ಪೂರ್ತಿ.”

ಮೇಡಂ ಕೋರಿಂಗ್ ಪಿಡ್ಯೊಂಗನ ತಲೆಯ ಮೇಲಿನ ಟೋಪಿ ನೋಡಿದರು. ಹೂವಿನ ಅಂಗಿಯ ಇಸ್ಯೊಂಗನನ್ನು ನೋಡಿದರು. ಹಡಗು ನಡೆಸುವ ಹೆಂಗಸಿಗೆ ಇಷ್ಟು ಅರ್ಥವಾಗುವುದಕ್ಕೆ ಎಷ್ಟು ಹೊತ್ತು ಬೇಕು?

“ನಮ್ಮ ಪಿಡ್ಯೊಂಗನ್ನ ಬಿಟ್ಟು ಇನ್ನೊಬ್ಬರನ್ನ ಒಲೆ ಹತ್ರ ಸುಳಿಯೋಕೂ ಬಿಡಲ್ಲ ಡಾಕ್ಟ್ರೇ,” ಎಂದರು ನಗುನಗುತ್ತಾ.

ಡಾಕ್ಟರರು ಇಳಿದು ಹೋದ ಮೇಲೆ ಪಿಡ್ಯೊಂಗ್ ಅಳುವ ದನಿಯಲ್ಲಿ, “ಅಮ್ಮಾವ್ರೇ, ಕುರ್ಚಿ...” ಎಂದ.

“ಹೌದಪ್ಪ, ಕುರ್ಚಿ ಖಾಲಿ ಬಿಡೋದಕ್ಕಾಗಲ್ಲ. ಇಸ್ಯೊಂಗ್, ಇನ್ನು ಹಡಗಲ್ಲಿ ನಿನಗೇನು ಕೆಲಸ? ಹೋಗು, ಟಿಕೆಟ್ ಕಿಟಕೀಲಿ ಕೂತ್ಕೋ.”

ಹಗ್ಗ ಬಿಚ್ಚಿದರು. ಹಡಗು ಒಮ್ಮೆ ವಾಲಿತು, ಪಿಡ್ಯೊಂಗನ ಹೊಟ್ಟೆ ಎರಡು ಸಲ ವಾಲಿತು. ಅಡುಗೆಮನೆಯ ದುಂಡು ಕಿಟಕಿಯಿಂದ ನೋಡಿದರೆ ದಕ್ಕೆಯ ಮೇಲೆ ಲುರಿಂಗ್ ಕಂಡಳು. ಭಾನುವಾರ ಚರ್ಚಿಗೆ ಉಡುವ ಉಡುಪು ತೊಟ್ಟು, ಮುಚ್ಚಿದ ಮಡಕೆ ಹಿಡಿದು, ಟಿಕೆಟ್ ಕಿಟಕಿಯೊಳಗೆ ಇಣುಕುತ್ತಿದ್ದಳು. ಒಳಗಿನಿಂದ ಇಸ್ಯೊಂಗ್ ಹಡಗಿನ ಕಡೆ ಕೈತೋರಿಸಿ ಏನೋ ಹೇಳಿದ. ಲುರಿಂಗ್ ಹಡಗನ್ನೊಮ್ಮೆ ದುರುಗುಟ್ಟಿ ನೋಡಿ, ಮಡಕೆಯನ್ನು ಕಿಟಕಿಯೊಳಕ್ಕೆ ತಳ್ಳಿ, ಮನೆಯ ಕಡೆ ತಿರುಗಿದಳು. ಇಸ್ಯೊಂಗ್ ಫ್ಯಾನಿನ ಕೆಳಗೆ ಕೂತು ಬಾಳೆಲೆ ಬಿಡಿಸಿದ. ಅಂಗಿಯ ತೋಳು ಮಡಿಸಿ, ಕೈ ತೊಳೆಯುವ ಗೋಜಿಗೇ ಹೋಗದೆ, ಬೆರಳಲ್ಲಿ ಮೀನು ಮುರಿದ.

ಪಿಡ್ಯೊಂಗನ ಕೈಯಲ್ಲಿದ್ದ ಸೌಟು ಮಡಕೆಯ ಅಂಚಿಗೆ ಟಕಟಕ ಬಡಿಯತೊಡಗಿತು. ಹೊಟ್ಟೆಯ ಸಂಕಟವೋ, ಹೊಟ್ಟೆಯುರಿಯೋ, ಎರಡೂ ಕೈಯಲ್ಲಿ ಹಿಡಿದರೂ ನಡುಕ ನಿಲ್ಲಲಿಲ್ಲ. ಸಾರಿಗೆಂದು ಎರಡನೆಯ ಸಲ ತಟ್ಟೆ ತಂದಿದ್ದ ಆಲಿಂಗ್ ತಾಸಿಂಗ್ ಅದನ್ನು ನೋಡಿ ನಾಲಿಗೆ ಲೊಚಗುಟ್ಟಿದಳು.

“ಹಿಡೀತು ನೋಡು ಪಾಸ್ಮಾ! ನಿಂಗ್ಯಾರೋ ಹೇಳಿದ್ದು ಬಿಸಿ ಕೈ ತೊಳ್ಕೋ ಅಂತ?”