ನಕ್ಷೆ ಮುಚ್ಚಿದ ಮಾವ

ನಕ್ಷೆ ಕಾಣದಿದ್ದರೇ ಮನೆ ಸಿಗುತ್ತದೆ ಎಂದು ನಂಬಿರುವ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ. ಅವನು ನನ್ನ ಸೋದರಮಾವನೇ ಆಗಬೇಕೆ?

ಮಸ್ಕಿಯಲ್ಲಿ ಅವರದು ಶಾಮಿಯಾನ, ಪಾತ್ರೆ ಪಡಗ ಬಾಡಿಗೆ ಕೊಡುವ ಅಂಗಡಿ. ಗಾಡಿಯ ಡ್ರೈವರುಗಳಿಗೆ ಗಿರಾಕಿಗಳ ಮನೆ ಸಿಗಲೆಂದು ನಾನೊಂದು ಮೊಬೈಲ್ ಆಪ್ ಮಾಡಿಕೊಟ್ಟೆ. ನಕ್ಷೆಯ ಮೇಲೆ ಕೆಂಪು ಗುರುತು. ಒತ್ತಿದರೆ ಪುಟ್ಟ ಚೌಕದಲ್ಲಿ ಗಿರಾಕಿಯ ಹೆಸರು. ಮಾವ ಒತ್ತಿ ನೋಡಿ ಮುಖ ಸಿಂಡರಿಸಿದರು.

“ಅಮರೇಶ ಅಂತ ಬಂತು. ಲಿಂಗಸುಗೂರಾಗ ನಿಂತು ಅಮರೇಶ ಅಂತ ಕೂಗು, ಅರ್ಧ ಬಜಾರ್ ಹೊಳ್ಳಿ ನೋಡ್ತೈತಿ. ನಾ ಬರೆದದ್ದು ಅದರಾಗ ಬರೂವಂಗ ಮಾಡವ್ವ.”

ಮಾಡಿಕೊಟ್ಟೆ. ಅಲ್ಲಿಗೆ ಕೆಟ್ಟಿತು ನೋಡಿ. ಪಾಮನಕಲ್ಲೂರಿನ ಗುರುತು ಒತ್ತಿದರೆ, ‘ನಾಯಿ ಬೊಗಳ್ತೈತಿ, ಕಡಿಯಂಗಿಲ್ಲ. ಯಜಮಾನರ ಮುಂದ ಹುಷಾರ್.’ ಸಿಂಧನೂರು ಹತ್ತಿರದ ಆರ್.ಎಚ್. ಕ್ಯಾಂಪಿನದು ಒತ್ತಿದರೆ, ‘ಚಾ ಪಸಂದ್. ಮಾತಿಗೆ ಕೂಡಿಸ್ತಾರ, ಎದ್ದು ಬರೂದು ಮರೀಬ್ಯಾಡ್ರಿ.’ ಬರೆದೂ ಬರೆದೂ ಚೌಕ ಬೆಳೆದು ನಕ್ಷೆಯೇ ಮುಚ್ಚಿಹೋಯಿತು.

“ಮಾವ, ಹಿಂಗಾದ್ರ ದಾರಿ ಎಲ್ಲಿ ಕಾಣ್ತೈತಿ?”

“ದಾರಿ ಯಾರನ್ನ ಕೇಳಿದ್ರೂ ಹೇಳ್ತಾರ. ಮನಿಯಾಗ ಏನೈತಿ ಅಂತ ಯಾರು ಹೇಳ್ತಾರ?”

ಇಂಥವರ ಜೊತೆ ವಾದಕ್ಕಿಳಿಯುವುದುಂಟೇ?

ಆಮೇಲೆ ಚೊಚ್ಚಲ ಹೆರಿಗೆಗೆಂದು ವಳಕಮದಿನ್ನಿಯ ತವರಿಗೆ ಬಂದೆ. ಹೊಸ ಕಾಟ ಶುರುವಾಯಿತು. ಮಾವನ ಗಾಡಿ ದಿನಾ ನಮ್ಮ ಓಣಿಗೆ ಬರುವುದು, ಕೊಪ್ಪರಿಗೆಗಳನ್ನು ಗಡಗಡ ಎನ್ನಿಸುತ್ತ ಮನೆಮುಂದೆ ನಿಲ್ಲುವುದು, ಡ್ರೈವರ್ ಇಣುಕಿ ನೋಡಿ ಹೋಗುವುದು. ನಾವೋ ಒಂದು ಸೌಟನ್ನೂ ಬಾಡಿಗೆಗೆ ಹೇಳಿದವರಲ್ಲ. ಮಾವನಿಗೆ ಫೋನ್ ಮಾಡಿದೆ.

“ನಿಮ್ಮ ಗಾಡಿ ದಿನಾ ದಾರಿ ತಪ್ಪಿ ಇಲ್ಲಿ ಬರಾಕತ್ತೈತಿ.”

“ನಿನ್ನ ಆಪ್ ಕೆಟ್ಟಿರಬೇಕು. ರಿಪೇರಿ ಮಾಡು.”

ತುಂಬು ಹೊಟ್ಟೆ ಹೊತ್ತು ಕಂಪ್ಯೂಟರ್ ಮುಂದೆ ಕುಳಿತು ತಪ್ಪು ಹುಡುಕಿದೆ. ಇದ್ದರೆ ತಾನೆ ಸಿಗುವುದು!

ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ನೋವು ಶುರುವಾಯಿತು. ಆಂಬುಲೆನ್ಸ್ ಇನ್ನೂ ದೂರದಲ್ಲಿತ್ತು. ಅವ್ವ ಗಾಬರಿಯಿಂದ ಓಣಿಗೆ ಓಡಿದರೆ, ಎದುರಿಗೇ ಕೊಪ್ಪರಿಗೆಗಳ ಸದ್ದು. ಡ್ರೈವರ್ ಏನನ್ನೂ ಕೇಳದೆ ಬಾಗಿಲು ತೆರೆದ.

“ಹತ್ರಿ ಅಕ್ಕಾರ.”

ಅವ್ವನ ಹೆಗಲಿಗೊರಗಿ ಮುಂದೆ ಕುಳಿತೆ. ಹಿಂದೆ ಪಾತ್ರೆಗಳ ವಾದ್ಯದೊಂದಿಗೆ ನಮ್ಮ ಮೆರವಣಿಗೆ ಸಿಂಧನೂರು ಸೇರಿತು. ದವಾಖಾನೆ ಮುಟ್ಟಿದ ಸ್ವಲ್ಪ ಹೊತ್ತಿಗೇ ಮಗಳು ಹುಟ್ಟಿದಳು. ಇಬ್ಬರೂ ಕ್ಷೇಮ ಎಂದು ಡಾಕ್ಟರಮ್ಮ ಹೇಳಿದಾಗ ಹೋದ ಜೀವ ಬಂದಂತಾಯಿತು.

ಸಂಜೆ, ಕೂಸು ಮಗ್ಗುಲಲ್ಲಿ ಮಲಗಿದ್ದಾಗ ಆಪ್ ತೆರೆದೆ. ವಳಕಮದಿನ್ನಿಯಲ್ಲಿ ನಮ್ಮ ಮನೆಯ ಮೇಲೂ ಒಂದು ಕೆಂಪು ಗುರುತಿತ್ತು. ಒತ್ತಿದೆ. ಓದುತ್ತ ಕಣ್ಣು ತುಂಬಿ ಬಂತು.

‘ನಮ್ಮ ಸೊಸಿ ಹೆರಿಗಿಗೆ ಬಂದಾಳ. ಈ ಕಡಿ ಹೋದವರು ದಿನಾ ಒಮ್ಮೆ ನಿಂತು, ನೋಡಿ ಹೋಗ್ರಿ. ಅಕಿ ಬೈದ್ರ ದಾರಿ ತಪ್ಪಿ ಬಂದೆ ಅನ್ರಿ.’